ಮಾನವಿಕ ಸಂಶೋಧನಾರ್ಥಿಗಳ ತಂತ್ರಜ್ಞಾನ ಶಿಕ್ಷಣ

ಸಾಹಿತ್ಯ, ಭಾಷೆ, ಇತಿಹಾಸ, ತತ್ತ್ವಶಾಸ್ತ್ರ, ಕಲೆ ಮೊದಲಾದ ವಿಷಯಗಳಲ್ಲಿ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಹಂತದಲ್ಲಿರುವವರಿಗೆ ಕಂಪ್ಯೂಟರ್ ಆಧಾರಿತ ವಿಧಾನಗಳನ್ನು ಸಂಶೋಧನೆಯಲ್ಲೂ ತರಗತಿಯ ಪಾಠದಲ್ಲೂ ಬಳಸಲು ಕಲಿಸುವ ವ್ಯವಸ್ಥಿತ ತರಬೇತಿಯೇ ಮಾನವಿಕ ಸಂಶೋಧನಾರ್ಥಿಗಳ ತಂತ್ರಜ್ಞಾನ ಶಿಕ್ಷಣ. ಟೈಪಿಂಗ್, ಇಮೇಲ್, ಸ್ಲೈಡ್ ತಯಾರಿಕೆಯಂಥ ಸಾಮಾನ್ಯ ಕಂಪ್ಯೂಟರ್ ಸಾಕ್ಷರತೆ ಇದರ ವ್ಯಾಪ್ತಿಗೆ ಸೇರುವುದಿಲ್ಲ. ಪಠ್ಯವನ್ನು ಯಂತ್ರ ಓದುವಂತೆ ಅಣಿಗೊಳಿಸುವುದು, ದೊಡ್ಡ ಪಠ್ಯರಾಶಿಯನ್ನು ವಿಶ್ಲೇಷಿಸುವುದು, ನಕಾಶೆ ಮತ್ತು ದತ್ತಾಂಶ ಕೋಶಗಳನ್ನು ಕಟ್ಟುವುದು, ಡಿಜಿಟಲ್ ಆವೃತ್ತಿಗಳನ್ನು ಸಂಪಾದಿಸುವುದು ಮತ್ತು ಇವುಗಳ ನೆರವಿನಿಂದ ಪಾಠ ಮಾಡುವುದು ಇದರ ತಿರುಳು.

ಪರಿಭಾಷೆ

‘ಮಾನವಿಕ’ ಎಂಬ ಪದವನ್ನು ಇಲ್ಲಿ ಮನುಷ್ಯನ ಭಾಷೆ, ಚರಿತ್ರೆ, ಕೃತಿಗಳನ್ನು ವ್ಯಾಖ್ಯಾನಿಸುವ ವಿದ್ಯೆಗಳೆಂಬ ಅರ್ಥದಲ್ಲಿ ಬಳಸಿದೆ. ಈ ವಿದ್ಯೆಗಳಲ್ಲಿ ಕಂಪ್ಯೂಟರ್ ಬಳಕೆಯ ಕ್ಷೇತ್ರವನ್ನು 20ನೆಯ ಶತಮಾನದ ಕೊನೆಯವರೆಗೂ ‘ಮಾನವಿಕ ಗಣನೆ’ ಎನ್ನುತ್ತಿದ್ದರು. ಸೂಸನ್ ಶ್ರೈಬ್‌ಮನ್, ರೇ ಸೀಮನ್ಸ್ ಮತ್ತು ಜಾನ್ ಅನ್ಸ್‌ವರ್ತ್ ಸಂಪಾದಿಸಿದ ಕೈಪಿಡಿಯೊಂದು 2004ರಲ್ಲಿ ‘ಡಿಜಿಟಲ್ ಹ್ಯುಮ್ಯಾನಿಟೀಸ್’ ಎಂಬ ಹೆಸರು ಹೊತ್ತು ಬಂದ ಮೇಲೆ ಆ ಹೆಸರೇ ನಿಂತಿತು. ಕನ್ನಡದಲ್ಲಿ ಇದಕ್ಕೆ ‘ಡಿಜಿಟಲ್ ಮಾನವಿಕ’ ಎಂಬುದು ಹೊಂದುತ್ತದೆ. ‘ಸಂಶೋಧನಾರ್ಥಿ’ ಎಂದರೆ ಪಿಎಚ್.ಡಿ. ಅಭ್ಯರ್ಥಿ ಮಾತ್ರವಲ್ಲ, ಪ್ರಬಂಧ ಬರೆಯುವ ಎಂ.ಎ. ವಿದ್ಯಾರ್ಥಿಯೂ ಹೌದು.

ಉಗಮ

ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ಬೂಸಾ ಅವರ ಕೆಲಸದಿಂದ ಈ ಕ್ಷೇತ್ರದ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಸಂತ ಥಾಮಸ್ ಅಕ್ವಿನಾಸ್‌ನ ಸಮಗ್ರ ಲ್ಯಾಟಿನ್ ಬರಹಕ್ಕೆ ಪದಾನುಕ್ರಮಣಿಕೆ ಸಿದ್ಧಪಡಿಸಲು ಹೊರಟ ಅವರು 1949ರಲ್ಲಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡು ರಂಧ್ರಪತ್ರ ಯಂತ್ರಗಳ ನೆರವು ಪಡೆದರು. ‘ಇಂಡೆಕ್ಸ್ ಥಾಮಿಸ್ಟಿಕಸ್’ ಎಂಬ ಆ ಕೃತಿ 1970ರ ದಶಕದಲ್ಲಿ ಅಚ್ಚಾಗತೊಡಗಿ 56 ಸಂಪುಟಗಳಿಗೆ ಬೆಳೆಯಿತು. ಅದು ಒಳಗೊಂಡ ಪದಗಳು ಒಂದು ಕೋಟಿಗೂ ಮೇಲೆ.

ಶಿಕ್ಷಣದ ಚರಿತ್ರೆಗೆ ಇದರಲ್ಲಿ ಮುಖ್ಯವಾದದ್ದು ಗಲ್ಲರಾತೆ ಊರಿನಲ್ಲಿ ಬೂಸಾ ನಡೆಸಿದ ತರಬೇತಿ ಶಾಲೆ. ಅಲ್ಲಿ ಎಳೆಯ ಯುವತಿಯರಿಗೆ ಪತ್ರಗಳ ಮೇಲೆ ರಂಧ್ರ ಹೊಡೆಯುವುದನ್ನೂ ಅದನ್ನು ತಾಳೆ ನೋಡುವುದನ್ನೂ ಕಲಿಸುತ್ತಿದ್ದರು. ಲ್ಯಾಟಿನ್ ಅರಿಯದ ಕೈಗಳು ಲ್ಯಾಟಿನ್ ಪಠ್ಯವನ್ನು ಯಂತ್ರಕ್ಕೆ ಉಣಿಸಿದವು. ಆ ಕೆಲಸಗಾರ್ತಿಯರಲ್ಲಿ ಹೆಚ್ಚಿನವರ ಹೆಸರು ದಶಕಗಳ ಕಾಲ ಎಲ್ಲೂ ಕಾಣಿಸಲಿಲ್ಲ. ಇತಿಹಾಸಕಾರ್ತಿ ಜೂಲಿಯಾನ್ ನೈಹನ್ ಅವರ ಅಧ್ಯಯನಗಳು ಆ ಕೆಲಸಗಾರ್ತಿಯರನ್ನು ಬೆಳಕಿಗೆ ತಂದವು. ಆಲೋಚಿಸುವವನು ವಿದ್ವಾಂಸ, ಯಂತ್ರ ಮುಟ್ಟುವವನು ಗುಮಾಸ್ತ ಎಂಬ ವಿಂಗಡಣೆ ಈ ಕ್ಷೇತ್ರಕ್ಕೆ ಹುಟ್ಟಿನಿಂದಲೇ ಅಂಟಿದ್ದು. ಆ ಎರಡೂ ಕೆಲಸಗಳನ್ನು ಒಬ್ಬನೇ ವಿದ್ಯಾರ್ಥಿಯಲ್ಲಿ ಕೂಡಿಸುವುದೇ ನಂತರದ ಶಿಕ್ಷಣ ಪ್ರಯತ್ನಗಳ ಗುರಿಯಾಯಿತು.

1966ರಲ್ಲಿ ಜೋಸೆಫ್ ರಾಬೆನ್ ‘ಕಂಪ್ಯೂಟರ್ಸ್ ಅಂಡ್ ದ ಹ್ಯುಮ್ಯಾನಿಟೀಸ್’ ನಿಯತಕಾಲಿಕ ಆರಂಭಿಸಿದರು. ಆಕ್ಸ್‌ಫರ್ಡಿನಲ್ಲಿ ಸೂಸನ್ ಹಾಕಿ ಸಾಹಿತ್ಯ ವಿದ್ಯಾರ್ಥಿಗಳಿಗೆ ಸ್ನೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಿ, 1980ರಲ್ಲಿ ಮಾನವಿಕ ಗಣನೆಗೊಂದು ಕೈಪಿಡಿ ಬರೆದರು. 1987ರ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ವಾಸರ್ ಕಾಲೇಜಿನಲ್ಲಿ ಸೇರಿದ ಸಭೆಯಿಂದ ಪಠ್ಯ ಸಂಕೇತನದ ಸಾಮಾನ್ಯ ನಿಯಮಾವಳಿ ರೂಪುಗೊಳ್ಳತೊಡಗಿತು. ಟಿಇಐ ಎಂದು ಕರೆಯುವ ಈ ನಿಯಮಾವಳಿ ಇಂದಿಗೂ ತರಬೇತಿಗಳ ಮೊದಲ ಪಾಠಗಳಲ್ಲೊಂದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯ 2001ರಲ್ಲಿ ಮಾನವಿಕ ಗಣನೆಯಲ್ಲಿ ಎಂ.ಎ. ಪದವಿಯನ್ನೂ, ಲಂಡನ್ನಿನ ಕಿಂಗ್ಸ್ ಕಾಲೇಜು 2005ರಲ್ಲಿ ಪಿಎಚ್.ಡಿ.ಯನ್ನೂ ಆರಂಭಿಸಿದವು.

ಸಂಶೋಧನೆಯ ಪಠ್ಯವಸ್ತು

ಪಠ್ಯ ಸಂಕೇತನ. ಕೃತಿಯ ಅಧ್ಯಾಯ, ಪದ್ಯ, ಸಾಲು, ಹೆಸರು, ತಿದ್ದುಪಡಿಗಳನ್ನು ಎಕ್ಸ್‌ಎಂಎಲ್ ಎಂಬ ಗುರುತು ಭಾಷೆಯಲ್ಲಿ ಸೂಚಿಸುವುದನ್ನು ಪಠ್ಯ ಸಂಕೇತನ ಎನ್ನುತ್ತಾರೆ. ಕನ್ನಡದ ಗ್ರಂಥಸಂಪಾದನೆ ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಓದಿದ ವಿದ್ಯಾರ್ಥಿಗೆ ಪಾಠಾಂತರ, ಪ್ರಕ್ಷೇಪ, ಲಿಪಿಕಾರನ ಸ್ಖಲಿತ, ಸಂಪಾದಕನ ತಿದ್ದುಪಡಿ ಇವುಗಳ ವ್ಯತ್ಯಾಸ ತಿಳಿದಿರುತ್ತದೆ. ಟಿಇಐ ಈ ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತು ಇಟ್ಟಿದೆ. ಅಡಿಟಿಪ್ಪಣಿಯಲ್ಲಿ ‘ಕ’ ಪ್ರತಿ, ‘ಗ’ ಪ್ರತಿ ಎಂದು ಬರೆಯುತ್ತಿದ್ದದ್ದು ಇಲ್ಲಿ ಪಠ್ಯದ ಒಡಲೊಳಗೇ ಸೇರುತ್ತದೆ. ಓದುಗ ಯಾವ ಓಲೆಪ್ರತಿಯ ಪಾಠ ಬೇಕೋ ಅದನ್ನು ಆರಿಸಿ ಓದಬಹುದು. ಒಂದು ರೂಪ ಸ್ಖಲಿತವೋ ಪ್ರಾದೇಶಿಕ ರೂಪವೋ ಎಂಬ ತೀರ್ಮಾನವನ್ನು ಮಾತ್ರ ಯಂತ್ರ ಮಾಡುವುದಿಲ್ಲ. ಗುರುತು ಹಾಕುವವನು ಭಾಷೆ ಬಲ್ಲವನೇ ಆಗಿರಬೇಕಾದದ್ದು ಇದೇ ಕಾರಣಕ್ಕೆ.

ಪಠ್ಯರಾಶಿಯ ವಿಶ್ಲೇಷಣೆ. ಪದಗಳ ಆವರ್ತನ, ಸಹಪ್ರಯೋಗ, ಶೈಲಿಮಾಪನ, ವಸ್ತುಗಳ ಗುಂಪುಗೂಡುವಿಕೆ ಇದರಲ್ಲಿ ಬರುತ್ತವೆ. ಸ್ಟೆಫಾನ್ ಸಿಂಕ್ಲೇರ್ ಮತ್ತು ಜೆಫ್ರಿ ರಾಕ್‌ವೆಲ್ ರೂಪಿಸಿದ ‘ವಾಯಂಟ್’ ಉಪಕರಣವನ್ನು ಪ್ರೋಗ್ರಾಮಿಂಗ್ ಬಾರದವರೂ ಬ್ರೌಸರಿನಲ್ಲೇ ಬಳಸಬಹುದಾದ್ದರಿಂದ ಮೊದಲ ತರಗತಿಗಳಲ್ಲಿ ಅದಕ್ಕೆ ಜಾಗವಿದೆ. ಮುಂದುವರಿದವರು ಪೈಥಾನ್ ಅಥವಾ ಆರ್ ಭಾಷೆಗೆ ಹೋಗುತ್ತಾರೆ.

ನಕಾಶೆ ಮತ್ತು ದತ್ತಾಂಶ ಕೋಶ. ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಇತಿಹಾಸ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಅಂಕಿ ಕೊಟ್ಟು ಜೋಡಿಸಿದೆ. ಇದನ್ನು ನಕಾಶೆಗೆ ಏರಿಸುವವರು ಅಂದಿನ ತಾಲ್ಲೂಕಿಗೂ ಇಂದಿನ ತಾಲ್ಲೂಕಿಗೂ ಇರುವ ಗಡಿ ವ್ಯತ್ಯಾಸವನ್ನು ಮೊದಲು ಬಿಡಿಸಿಕೊಳ್ಳಬೇಕು. ಕಾಲದ ವಿಷಯದಲ್ಲಿಯೂ ಇದೇ ತೊಡಕು. ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆನ್ನುತ್ತಾರೆ, ಕೋಷ್ಟಕದ ಮನೆಯಲ್ಲಿ ‘ಸುಮಾರು’ ಬರೆಯಲು ಜಾಗವಿಲ್ಲ. ಬರೀ 450 ಎಂದು ತುಂಬಿದರೆ ವಿದ್ವಾಂಸರ ವಿವಾದವೇ ಅಳಿಸಿಹೋಗುತ್ತದೆ. ಆದ್ದರಿಂದ ಕಾಲದ ಮೇಲ್ಮಿತಿ, ಕೆಳಮಿತಿ, ಆಧಾರ, ಖಚಿತತೆಯ ಮಟ್ಟ ಎಂದು ನಾಲ್ಕು ಕಲಮು ಮಾಡುವುದನ್ನು ಕಲಿಸಲಾಗುತ್ತದೆ. ಶಕ ವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸಿದಾಗ ಮೂಲದ ಪಾಠವನ್ನೂ ಪಕ್ಕದಲ್ಲೇ ಉಳಿಸುವುದು ನಿಯಮ.

ಬಿಂಬದಿಂದ ಪಠ್ಯ. ಅಚ್ಚಿನ ಅಕ್ಷರ ಗುರುತಿಸುವ ಒಸಿಆರ್ ಮತ್ತು ಕೈಬರಹ ಗುರುತಿಸುವ ತಂತ್ರಗಳು ಇಲ್ಲಿ ಸೇರುತ್ತವೆ. ಯುರೋಪಿನಲ್ಲಿ ಬೆಳೆದ ‘ಟ್ರಾನ್ಸ್‌ಕ್ರಿಬಸ್’ ದಾಖಲೆಗಳ ಕೈಬರಹಕ್ಕೆ ಹೆಸರಾಗಿದೆ. ವಿದ್ಯಾರ್ಥಿ ಕೆಲವು ಪುಟಗಳನ್ನು ತಾನೇ ಓದಿ ಬರೆದುಕೊಟ್ಟರೆ ಯಂತ್ರ ಆ ಕೈಯನ್ನು ಕಲಿಯುತ್ತದೆ. ಹಳೆಯ ಕೈಬರಹ ಓದುವ ಲಿಪಿಶಾಸ್ತ್ರ ಇದರಿಂದ ಅನಗತ್ಯವಾಗುವುದಿಲ್ಲ.

ಆಕರಗಳ ನಿರ್ವಹಣೆಗೆ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರ 2006ರಲ್ಲಿ ಬಿಡುಗಡೆ ಮಾಡಿದ ಜೊಟೆರೊ, ಪ್ರದರ್ಶನಗಳಿಗೆ ಅದೇ ಕೇಂದ್ರದ ಒಮೆಕಾ ಬಳಕೆಯಲ್ಲಿವೆ. ಹಕ್ಕುಸ್ವಾಮ್ಯ, ಮುಕ್ತ ಪರವಾನಗಿ, ಕಡತಗಳ ದೀರ್ಘಕಾಲದ ಸಂರಕ್ಷಣೆಯೂ ಪಠ್ಯಕ್ರಮದ ಭಾಗ.

ಬೋಧನೆಗೆ ತರಬೇತಿ

ಸಂಶೋಧನೆಗೆ ಉಪಕರಣ ಕಲಿತವನು ಅದರಿಂದ ಪಾಠ ಮಾಡಬಲ್ಲ ಎನ್ನುವಂತಿಲ್ಲ. ಈ ಅಂತರವನ್ನು ವಿವರಿಸಲು ಹೆಚ್ಚಾಗಿ ಬಳಸುವ ಚೌಕಟ್ಟು ಟಿಪ್ಯಾಕ್. ವಿಷಯ ತಿಳಿದಿರುವುದು ಬೇರೆ, ಆ ವಿಷಯವನ್ನು ಕಲಿಸುವ ಬಗೆ ತಿಳಿದಿರುವುದು ಬೇರೆ ಎಂದು ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದರು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನದ ಅರಿವನ್ನು ಸೇರಿಸಿದರು. ಇದರಂತೆ ವಿಷಯ, ಬೋಧನೆ, ತಂತ್ರಜ್ಞಾನ ಮೂರೂ ಸೇರುವ ಜಾಗದಲ್ಲಿ ಹುಟ್ಟುವ ವಿವೇಕವನ್ನು ಬೆಳೆಸುವುದೇ ತರಬೇತಿ. ಒಂದು ವಚನದ ಎರಡು ಮುದ್ರಿತ ಪಾಠಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ವ್ಯತ್ಯಾಸಕ್ಕೆ ಕಾರಣ ಕೇಳುವ ಅಧ್ಯಾಪಕ ಮೂರನ್ನೂ ಬಳಸುತ್ತಿರುತ್ತಾನೆ. ಅದೇ ವಚನವನ್ನು ಸ್ಲೈಡಿಗೆ ನಕಲು ಮಾಡಿ ಓದುವವನಲ್ಲಿ ಇರುವುದು ಪ್ರೊಜೆಕ್ಟರ್ ಮಾತ್ರ.

ಕಲಿಸುವ ವಿಷಯಗಳಲ್ಲಿ ಮೂಡಲ್‌ನಂಥ ಕಲಿಕಾ ನಿರ್ವಹಣಾ ವ್ಯವಸ್ಥೆ, ಒಂದೇ ಪಠ್ಯದ ಅಂಚಿನಲ್ಲಿ ತರಗತಿಯೆಲ್ಲ ಟಿಪ್ಪಣಿ ಬರೆಯುವ ಸಾಮೂಹಿಕ ಟಿಪ್ಪಣಿ, ವಿಕಿಪೀಡಿಯ ಲೇಖನ ಬರೆಯಿಸುವ ಕಾರ್ಯ, ದೃಷ್ಟಿಮಾಂದ್ಯರಿಗೂ ಎಟುಕುವಂತೆ ಸಾಮಗ್ರಿ ತಯಾರಿಕೆ ಇವೆ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯ ಗ್ರಾಜುಯೇಟ್ ಸೆಂಟರ್‌ನಲ್ಲಿ ಯಾವುದೇ ವಿಭಾಗದ ಪಿಎಚ್.ಡಿ. ವಿದ್ಯಾರ್ಥಿ ತನ್ನ ಪದವಿಯ ಜೊತೆಗೆ ‘ಸಂವಾದಾತ್ಮಕ ತಂತ್ರಜ್ಞಾನ ಮತ್ತು ಬೋಧನೆ’ ಪ್ರಮಾಣಪತ್ರ ಪಡೆಯಬಹುದು. ತಂತ್ರಜ್ಞಾನದ ಇತಿಹಾಸ ಮತ್ತು ಸಿದ್ಧಾಂತ, ಪ್ರಾಯೋಗಿಕ ಪತ್ರಿಕೆ, ಕಾರ್ಯಾಗಾರ, ಸ್ವತಂತ್ರ ಯೋಜನೆ ಅದರ ಅಂಗಗಳು. ಅಲ್ಲಿನ ಅನೇಕ ಸಂಶೋಧನಾರ್ಥಿಗಳು ಅದೇ ವಿಶ್ವವಿದ್ಯಾಲಯದ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವುದರಿಂದ ಕಲಿತದ್ದನ್ನು ಆ ವಾರವೇ ತರಗತಿಯಲ್ಲಿ ಪರೀಕ್ಷಿಸಲು ಅವಕಾಶವಿದೆ.

ಕಲಿಕೆಯ ಮಾದರಿಗಳು

ಪದವಿ, ಪ್ರಮಾಣಪತ್ರ ಪತ್ರಿಕೆಗಳಲ್ಲದೆ ಬೇಸಿಗೆ ಶಾಲೆಗಳು ಈ ಕ್ಷೇತ್ರದ ವಿಶಿಷ್ಟ ಮಾದರಿ. ರೇ ಸೀಮನ್ಸ್ ಅವರು ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಬೇಸಿಗೆ ಶಾಲೆ, 2009ರಲ್ಲಿ ಆರಂಭವಾದ ಜರ್ಮನಿಯ ಲೈಪ್‌ಜಿಗ್ ಶಾಲೆ ಇವುಗಳಲ್ಲಿ ಪ್ರಸಿದ್ಧ. ವಾರವಿಡೀ ಒಂದೇ ವಿಷಯ ಕಲಿಯುವುದು ವಿಕ್ಟೋರಿಯಾದಲ್ಲಿ ಬೆಳೆದ ಶಾಲೆಯ ಪದ್ಧತಿ.

ಸ್ವಾಧ್ಯಾಯಕ್ಕೆ ‘ಪ್ರೋಗ್ರಾಮಿಂಗ್ ಹಿಸ್ಟೋರಿಯನ್’ ಮುಖ್ಯ ಆಕರ. ಕೆನಡಾದ ಇತಿಹಾಸಕಾರರಾದ ವಿಲಿಯಂ ಟರ್ಕಲ್ ಮತ್ತು ಅಲನ್ ಮಕೈಕರ್ನ್ ಇದನ್ನು ಆರಂಭಿಸಿದರು. ಇತಿಹಾಸ, ಸಾಹಿತ್ಯದ ನೈಜ ಆಕರಗಳನ್ನೇ ಇಟ್ಟುಕೊಂಡು ಬರೆದ ಪಾಠಗಳು ಇದರಲ್ಲಿದ್ದು, ಪ್ರತಿ ಪಾಠವೂ ಬಹಿರಂಗ ವಿದ್ವತ್ ಪರಿಶೀಲನೆ ದಾಟಿ ಬರುತ್ತದೆ. ಇಂಗ್ಲಿಷಿನ ನಂತರ ಸ್ಪ್ಯಾನಿಷ್, ಫ್ರೆಂಚ್, ಪೋರ್ಚುಗೀಸ್ ಆವೃತ್ತಿಗಳು ಬಂದಿವೆ.

ಹೆಚ್ಚು ಅನುಕರಣೆಗೊಳಗಾದದ್ದು ವರ್ಜೀನಿಯಾ ವಿಶ್ವವಿದ್ಯಾಲಯ ಗ್ರಂಥಾಲಯದ ‘ಸ್ಕಾಲರ್ಸ್ ಲ್ಯಾಬ್’ 2011ರಲ್ಲಿ ಆರಂಭಿಸಿದ ಪ್ರಾಕ್ಸಿಸ್ ಕಾರ್ಯಕ್ರಮ. ಬೆಥನಿ ನೌವಿಸ್ಕಿ ಅವರ ನೇತೃತ್ವದಲ್ಲಿ ಬೇರೆ ಬೇರೆ ವಿಭಾಗಗಳ ಬೆರಳೆಣಿಕೆಯ ಸಂಶೋಧನಾರ್ಥಿಗಳು ತಂಡವಾಗಿ ಸೇರಿ, ಒಂದು ವರ್ಷದಲ್ಲಿ ಒಂದು ಉಪಕರಣವನ್ನು ಕಲ್ಪನೆಯಿಂದ ಬಿಡುಗಡೆಯವರೆಗೆ ತರಬೇಕಿತ್ತು. ಮೊದಲ ತಂಡ ಕಟ್ಟಿದ್ದು ಪ್ರಿಸಂ: ಒಂದೇ ಪಠ್ಯವನ್ನು ಹಲವರು ಬಣ್ಣಗಳಿಂದ ಗುರುತಿಸಿದಾಗ ಓದುಗಳು ಎಲ್ಲಿ ಸೇರುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂದು ತೋರಿಸುವ ಉಪಕರಣ. ಕೆಲಸಕ್ಕೆ ಮೊದಲು ತಂಡ ತನ್ನದೇ ಒಡಂಬಡಿಕೆ ಬರೆಯುತ್ತದೆ: ಮನ್ನಣೆ ಹೇಗೆ ಹಂಚಿಕೊಳ್ಳಬೇಕು, ಭಿನ್ನಾಭಿಪ್ರಾಯ ಹೇಗೆ ತೀರಿಸಿಕೊಳ್ಳಬೇಕು, ವೈಫಲ್ಯವನ್ನು ಹೇಗೆ ಒಪ್ಪಿಕೊಳ್ಳಬೇಕು. ಒಬ್ಬಂಟಿಯಾಗಿ ಪ್ರಬಂಧ ಬರೆಯುವ ಅಭ್ಯಾಸದವರಿಗೆ ಪ್ರೋಗ್ರಾಮಿಂಗಿಗಿಂತ ಕಠಿಣವಾದ ಪಾಠ ಈ ಕೂಡುಕೆಲಸ.

ಶ್ರಮ ಮತ್ತು ಮನ್ನಣೆ

ಅಧ್ಯಾಪಕರ ಯೋಜನೆಗಳಲ್ಲಿ ವಿದ್ಯಾರ್ಥಿಗಳು ದತ್ತಾಂಶ ತುಂಬುವ ಕೈಗಳಾಗಿಯೇ ಉಳಿಯುವ ಅಪಾಯ ಬೂಸಾ ಕಾಲದಿಂದ ಇದೆ. ಇದಕ್ಕೆ ಉತ್ತರವಾಗಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ವಿದ್ಯಾರ್ಥಿ ಸಹಭಾಗಿಗಳ ಹಕ್ಕುಪತ್ರವೊಂದು ಸಿದ್ಧವಾಯಿತು. ಯೋಜನೆಯ ಬೌದ್ಧಿಕ ರೂಪರೇಖೆಯನ್ನು ತೀರ್ಮಾನಿಸುವ ಅಧಿಕಾರ ವಿದ್ಯಾರ್ಥಿಗೆ ಇಲ್ಲದಿದ್ದರೆ ಆ ಕೆಲಸಕ್ಕೆ ಸಂಬಳ ಕೊಡಬೇಕೆಂಬುದು ಅದರ ಮುಖ್ಯ ತತ್ತ್ವ. ಯಾಂತ್ರಿಕ ಕೆಲಸವನ್ನು ‘ಕಲಿಕೆ’ ಎಂದು ಕರೆದು ಪುಕ್ಕಟೆ ಮಾಡಿಸಬಾರದು, ಮಾಡಿದವರ ಹೆಸರು ಯೋಜನೆಯಲ್ಲಿ ಕಾಣಬೇಕು ಎಂಬ ಅಂಶಗಳೂ ಅದರಲ್ಲಿವೆ. ಮಾನವಿಕದವರಿಗೆ ಕೋಡ್ ಬರೆಯಲು ಬರಲೇಬೇಕೇ ಎಂಬ ಚರ್ಚೆ ಬೇರೆಯೇ ಇದೆ. 2011ರಲ್ಲಿ ಸ್ಟೀಫನ್ ರ‍್ಯಾಮ್ಸೆ ಬರಬೇಕು ಎಂದದ್ದು ದೊಡ್ಡ ವಿವಾದವಾಯಿತು. ಸ್ವಂತ ಪ್ರೋಗ್ರಾಂ ಬರೆಯದಿದ್ದರೂ ಇತರರದ್ದನ್ನು ಓದಿ ಪ್ರಶ್ನಿಸುವಷ್ಟು ತಿಳಿದಿರಬೇಕೆಂಬ ಮಧ್ಯಮ ನಿಲುವು ಪಠ್ಯಕ್ರಮಗಳಲ್ಲಿ ಹೆಚ್ಚು.

ಭಾರತದಲ್ಲಿ

ಭಾರತದಲ್ಲಿ ಈ ಶಿಕ್ಷಣದ ಹಿರಿಯ ನೆಲೆ ಕೋಲ್ಕತ್ತಾದ ಜಾಧವಪುರ ವಿಶ್ವವಿದ್ಯಾಲಯದ ‘ಸ್ಕೂಲ್ ಆಫ್ ಕಲ್ಚರಲ್ ಟೆಕ್ಸ್ಟ್ಸ್ ಅಂಡ್ ರೆಕಾರ್ಡ್ಸ್’. ಸುಕಾಂತ ಚೌಧುರಿ ಅವರ ನೇತೃತ್ವದಲ್ಲಿ ಇಲ್ಲಿ ರೂಪುಗೊಂಡ ‘ಬಿಚಿತ್ರಾ’ 2013ರಲ್ಲಿ ಬಿಡುಗಡೆಯಾಯಿತು. ರವೀಂದ್ರನಾಥ ಠಾಕೂರರ ಬಂಗಾಳಿ ಮತ್ತು ಇಂಗ್ಲಿಷ್ ಕೃತಿಗಳ ಸುಮಾರು 47,000 ಹಸ್ತಪ್ರತಿ ಪುಟಗಳೂ 91,000 ಮುದ್ರಿತ ಪುಟಗಳೂ ಅದರಲ್ಲಿವೆ. ಪಾಠಗಳನ್ನು ಅಧ್ಯಾಯ, ಪರಿಚ್ಛೇದ, ಪದ ಎಂಬ ಮಟ್ಟಗಳಲ್ಲಿ ಹೋಲಿಸಲು ‘ಪ್ರಭೇದ್’ ಎಂಬ ತಂತ್ರಾಂಶವನ್ನು ಅಲ್ಲೇ ಬರೆಯಲಾಯಿತು. ಯೋಜನೆಯ ತಂಡದಲ್ಲಿ ದುಡಿದ ತರುಣರಿಗೆ ಅದೇ ಶಾಲೆಯಾಯಿತು. ಡಿಜಿಟಲ್ ಮಾನವಿಕದಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನೂ ಜಾಧವಪುರ ನಡೆಸಿದೆ. ಜೋಧಪುರದ ಐಐಟಿಯಲ್ಲಿಯೂ ಈ ವಿಷಯದ ಪದವಿಗಳಿವೆ.

ಉಳಿದೆಡೆ ತರಬೇತಿ ಬರುವುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳ ದಾರಿಯಲ್ಲಿ. 2019ರ ಪರಿಷ್ಕೃತ ಪಠ್ಯಕ್ರಮದಿಂದ ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯ ಹತ್ತು ಘಟಕಗಳಲ್ಲಿ ಒಂದು ಮಾಹಿತಿ ಸಂವಹನ ತಂತ್ರಜ್ಞಾನ. ಅದೇ ವರ್ಷದ ಕೊನೆಯಲ್ಲಿ ‘ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ’ ಎಂಬ ಎರಡು ಕ್ರೆಡಿಟ್ಟಿನ ಪತ್ರಿಕೆ ಪಿಎಚ್.ಡಿ. ಕೋರ್ಸ್‌ವರ್ಕಿಗೆ ಕಡ್ಡಾಯವಾಯಿತು. ಕೃತಿಚೌರ್ಯ ಪತ್ತೆಯ ತಂತ್ರಾಂಶ, ದತ್ತಾಂಶ ಕೋಶ, ಮುಕ್ತ ಪ್ರಕಟಣೆ ಅದರಲ್ಲಿ ಬರುತ್ತವೆ. 2022ರ ಪಿಎಚ್.ಡಿ. ನಿಯಮಾವಳಿ ಎಲ್ಲ ವಿಷಯಗಳ ಸಂಶೋಧನಾರ್ಥಿಗಳಿಗೂ ಬೋಧನೆ ಮತ್ತು ಬರವಣಿಗೆಯ ತರಬೇತಿ ಇರಬೇಕೆಂದಿದೆ; ವಾರಕ್ಕೆ 4ರಿಂದ 6 ಗಂಟೆಯ ಬೋಧನಾ ಅಥವಾ ಸಂಶೋಧನಾ ಸಹಾಯಕ ಕೆಲಸ ಕೊಡಬಹುದೆಂದೂ ಹೇಳಿದೆ. ಇವೆಲ್ಲ ಎಲ್ಲ ವಿಷಯಗಳಿಗೂ ಸಮಾನ ನಿಯಮಗಳು. ಓಲೆಪ್ರತಿ, ಶಾಸನ, ಜನಪದ ಗೀತೆಗಳ ಧ್ವನಿಮುದ್ರಣದಂಥ ಮಾನವಿಕದ ಆಕರಗಳಿಗೆ ಬೇಕಾದ ವಿಧಾನಗಳನ್ನು ಇವು ತುಂಬಿಕೊಡುವುದಿಲ್ಲ.

ಕನ್ನಡ ಸಾಮಗ್ರಿಯ ಸಮಸ್ಯೆಗಳು

ಇಂಗ್ಲಿಷ್ ಪಠ್ಯಕ್ಕಾಗಿ ಬರೆದ ಪಾಠಗಳು ಕನ್ನಡಕ್ಕೆ ನೇರವಾಗಿ ಒಗ್ಗುವುದಿಲ್ಲ. ಮೊದಲ ತೊಡಕು ಅಕ್ಷರ ಸಂಕೇತದ್ದು. ಯೂನಿಕೋಡ್ ರೂಢಿಗೆ ಬರುವ ಮೊದಲು ಬರಹ, ನುಡಿ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಲ್ಯಾಟಿನ್ ಅಕ್ಷರಗಳ ಸರಣಿ. ಅದನ್ನು ಪರಿವರ್ತಿಸದೆ ಹುಡುಕಾಟವೂ ಇಲ್ಲ, ಎಣಿಕೆಯೂ ಇಲ್ಲ. ಹಳಗನ್ನಡದ ಱ ಮತ್ತು ೞ ಯೂನಿಕೋಡಿನಲ್ಲಿದ್ದರೂ ಎಲ್ಲ ಫಾಂಟುಗಳಲ್ಲಿ ಸರಿಯಾಗಿ ಮೂಡುವುದಿಲ್ಲ. ಸಾಲಿನ ಕೆಳಗೆ ಇಳಿಯುವ ಒತ್ತಕ್ಷರ ಒಸಿಆರ್‌ಗೆ ತೊಡಕು ಕೊಡುತ್ತದೆ.

ಎರಡನೆಯದು ವ್ಯಾಕರಣದ್ದು. ಮನೆ, ಮನೆಯ, ಮನೆಗೆ, ಮನೆಯಲ್ಲಿ, ಮನೆಯಿಂದ ಎಂಬಿವು ಸಾಮಾನ್ಯ ಪದ ಎಣಿಕೆಯಲ್ಲಿ ಐದು ಬೇರೆ ಪದಗಳಾಗುತ್ತವೆ. ಸಂಧಿಯಾದ ಪದಗಳನ್ನು ಬಿಡಿಸದಿದ್ದರೆ ಆವರ್ತನ ಪಟ್ಟಿಗೆ ಅರ್ಥವಿಲ್ಲ. ಹಳಗನ್ನಡ ಕಾವ್ಯದಲ್ಲಿ ಇದು ಇನ್ನೂ ಜಟಿಲ. ಹೀಗಾಗಿ ಕನ್ನಡದ ಸಂಶೋಧನಾರ್ಥಿ ಪೈಥಾನ್ ಕಲಿಯುವಾಗಲೂ ಹಳಗನ್ನಡದ ವೈಯಾಕರಣ ಕೇಶಿರಾಜನ ಸಂಧಿ ಪ್ರಕರಣ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಮೂರನೆಯದು ರೂಢಿಯದ್ದು. ಕೈಬರಹದ ಪ್ರಬಂಧವನ್ನು ಡಿಟಿಪಿ ಕೇಂದ್ರಕ್ಕೆ ಕೊಟ್ಟು ಅಚ್ಚು ಮಾಡಿಸುವ ಪದ್ಧತಿ ಕನ್ನಡ ಸಂಶೋಧನೆಯಲ್ಲಿ ಬಹುಕಾಲ ನಡೆದಿದೆ. ಬರೆದವರು ಫಾಂಟು ಯಾವುದೆಂದು ಕೇಳುವುದಿಲ್ಲ. ಅಚ್ಚು ಮಾಡಿದವರಿಗೆ ಪಠ್ಯದ ಮುಂದಿನ ಬಳಕೆ ಗೊತ್ತಿರುವುದಿಲ್ಲ. ಗಲ್ಲರಾತೆಯ ವಿಂಗಡಣೆ ಬೇರೆ ವೇಷದಲ್ಲಿ ಇಲ್ಲಿಯೂ ಇದೆ.

ಕನ್ನಡದಲ್ಲಿ ಗಮನಾರ್ಹ ಸಾಧನಗಳು ಬಹುಪಾಲು ವಿಭಾಗಗಳ ಹೊರಗೆ ಹುಟ್ಟಿವೆ. ಒಂದು ಪದ ವಚನಗಳಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ತೋರಿಸುವ ‘ವಚನ ಸಂಚಯ’ವನ್ನು ತಂತ್ರಜ್ಞ ಓಂಶಿವಪ್ರಕಾಶ್, ಕತೆಗಾರ ವಸುಧೇಂದ್ರ ಮೊದಲಾದವರು ಸ್ವಯಂಸೇವೆಯಿಂದ ಕಟ್ಟಿದರು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದುವಂತೆ ಮಾಡುತ್ತಿದೆ. ಮೈಸೂರು ವಿಶ್ವವಿದ್ಯಾಲಯದ 14 ಸಂಪುಟಗಳ ಕನ್ನಡ ವಿಶ್ವಕೋಶ ಮುಕ್ತ ಪರವಾನಗಿಯಲ್ಲಿ ದೊರೆತು ವಿಕಿಸೋರ್ಸ್ ಸೇರಿದೆ. ಎಂ.ಎ. ತರಗತಿಯ ಅಭ್ಯಾಸಕ್ಕೆ ಬೇಕಾದ ಪಠ್ಯರಾಶಿ ಇವುಗಳಿಂದಲೇ ಸಾಕಷ್ಟು ಸಿಗುತ್ತದೆ.

ಇಂದಿನ ಸ್ಥಿತಿ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಿಡುಗಡೆಯಾದ ನಂತರ ಪಠ್ಯಕ್ರಮಗಳು ಮತ್ತೆ ಬದಲಾಗುತ್ತಿವೆ. ಇಂಥ ಭಾಷಾ ಮಾದರಿಗಳು ಅಸ್ತಿತ್ವದಲ್ಲೇ ಇಲ್ಲದ ಗ್ರಂಥಗಳನ್ನು ಉಲ್ಲೇಖಿಸುವುದುಂಟು. ಆದ್ದರಿಂದ ಆಕರ ಪರಿಶೀಲನೆಯನ್ನು ಹೊಸದಾಗಿ ಕಲಿಸಬೇಕಾಗಿದೆ. ಕನ್ನಡ ಪಠ್ಯವನ್ನು ಈ ಮಾದರಿಗಳು ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗಿ ಒಡೆಯುವುದರಿಂದ ಅದೇ ಕೆಲಸಕ್ಕೆ ವೆಚ್ಚ ಹೆಚ್ಚು ಬೀಳುತ್ತದೆ. ಅಮೆರಿಕದ ಆಧುನಿಕ ಭಾಷಾ ಸಂಘವೂ ಬರವಣಿಗೆ ಬೋಧಕರ ಸಂಘವೂ ಜಂಟಿ ಕಾರ್ಯಪಡೆ ರಚಿಸಿ 2023ರಲ್ಲಿ ಬೋಧಕರಿಗೆ ಮಾರ್ಗಸೂಚಿ ಕೊಟ್ಟವು; ಅದೇ ವರ್ಷ ಯುನೆಸ್ಕೋ ಕೂಡ ಕೊಟ್ಟಿತು.

ಪ್ರಬಂಧದ ರೂಪದ ಪ್ರಶ್ನೆ ಇನ್ನೂ ತೆರೆದಿದೆ. 2015ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಮಾಂಡಾ ವಿಸ್ಕಾಂಟಿ ಅಧ್ಯಾಯಗಳ ಬದಲು ‘ಇನ್ಫಿನಿಟ್ ಯುಲಿಸಿಸ್’ ಎಂಬ ಸಾಮೂಹಿಕ ಓದಿನ ಜಾಲತಾಣವನ್ನೇ ಪಿಎಚ್.ಡಿ.ಗೆ ಒಪ್ಪಿಸಿ ಪದವಿ ಪಡೆದರು. ಅಮೆರಿಕದ ಇತಿಹಾಸ ಸಂಘ ಅದೇ ವರ್ಷ ಡಿಜಿಟಲ್ ವಿದ್ವತ್ ಕಾರ್ಯಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿತು. ಭಾರತದ ಪ್ರಬಂಧಗಳು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಿರ್ವಹಿಸುವ ‘ಶೋಧಗಂಗಾ’ಕ್ಕೆ ಅಧ್ಯಾಯವಾರು ಪಿಡಿಎಫ್ ಕಡತಗಳಾಗಿ ಸೇರುತ್ತವೆ. ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕನ್ನಡ ಪ್ರಬಂಧಗಳನ್ನು ಅಲ್ಲಿ ತೆರೆದು ಓದಬಹುದು; ಒಳಗಿನ ಪದವನ್ನು ಹುಡುಕಲು ಮಾತ್ರ ಆಗದು.